ಹನ್ನೆರಡೂವರೆ ಸುತ್ತು

ಚಟ್, ಚಟ್, ಚಟ್. ಹಿಮ್ಮಡಿಯಿಂದ ಬಿಟ್ಟುಕೊಂಡ ಅಲಗು ಸ್ಪ್ರಿಂಗಿನ ಎಳೆತಕ್ಕೆ ಮತ್ತೆ ಬೂಟಿಗೆ ಬಡಿಯುವ ಸದ್ದು ಇದು. ಸ್ಪೀಡ್ ಸ್ಕೇಟಿಂಗ್‌ನ ಹೆಂಗಸರ 5,000 ಮೀಟರ್ ಓಟ ನೋಡಲು ಕೂತರೆ ಮೊದಲು ಕಿವಿಗೆ ಬೀಳುವುದೇ ಅದು. ಮಂಡಿ ಮಡಿಸಿ, ಸೊಂಟ ಬಗ್ಗಿಸಿ, ಕೈಯನ್ನು ಬೆನ್ನ ಮೇಲಿಟ್ಟು ಸುಮಾರು ಏಳು ನಿಮಿಷ ಒಂದೇ ಭಂಗಿ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರಿಗೆ ಆ ಸೊಂಟದ ಉರಿ ಬಿಡಿಸಿ ಹೇಳಬೇಕಾಗಿಲ್ಲ.

400 ಮೀಟರಿನ ಸುತ್ತು, ಅಂಥವು ಹನ್ನೆರಡೂವರೆ. ಓಡುವವರು ಒಮ್ಮೆಗೆ ಇಬ್ಬರೇ. ಸುತ್ತು ಸುತ್ತಿಗೂ ಒಳಲೇನು ಹೊರಲೇನು ಬದಲಾಯಿಸುತ್ತಾರೆ. ನಿಜವಾದ ಸ್ಪರ್ಧೆ ಮಾತ್ರ ಗಡಿಯಾರದ ಜೊತೆ. ಅಂಚಿನಲ್ಲಿ ನಿಂತ ಕೋಚ್ ಹಿಡಿದ ಹಲಗೆಯಲ್ಲಿ ಸುತ್ತಿನ ಸೆಕೆಂಡು 32 ಇದ್ದದ್ದು 33 ಆಯಿತೋ, ಚಿನ್ನ ಜಾರತೊಡಗಿತು ಅಂತಲೇ ಲೆಕ್ಕ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಕ್ಲೌಡಿಯಾ ಪೆಕ್‌ಸ್ಟೈನ್ ತಮ್ಮದೇ ದೇಶದ ಗುಂಡಾ ನೀಮನ್‌ರನ್ನು ಹಿಂದಿಕ್ಕಿದ್ದು 0.04 ಸೆಕೆಂಡಿನಿಂದ. ಐದು ಕಿಲೋಮೀಟರ್ ಓಡಿದ ಮೇಲೆ ಉಳಿದ ಅಂತರ ಅರ್ಧ ಮೀಟರು!

ಒಲಿಂಪಿಕ್ಸ್‌ನಲ್ಲಿ ಗಂಡಸರಿಗೆ 1924ರಿಂದಲೇ 10,000 ಮೀಟರ್ ಓಟವಿತ್ತು. ಹೆಂಗಸರಿಗೆ 5,000 ಮೀಟರ್ ಸಿಗಲು 1988ರವರೆಗೆ ಕಾಯಬೇಕಾಯಿತು. ಈ ತಡ ನನಗೆ ಇವತ್ತಿಗೂ ನೋವಿನ ಸಂಗತಿ.

ಈ ದೂರದ ಓಟದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಜೆಕ್ ದೇಶದ ಮಾರ್ಟಿನಾ ಸಬ್ಲಿಕೋವಾ ಹತ್ತಿರ. ಅವರು ಬೆಳೆದ ನಾಡಿನಲ್ಲಿ ಸೂರಿನಡಿಯ 400 ಮೀಟರ್ ಮಂಜಿನ ಅಂಕಣ ಒಂದೂ ಇರಲಿಲ್ಲ. ಕೋಚ್ ಪೀಟರ್ ನೊವಾಕ್ ಜೊತೆ ಗಡಿ ದಾಟಿ ಜರ್ಮನಿಯ ಮಂಜನ್ನು ಹುಡುಕಿ ಹೋಗಬೇಕಿತ್ತು. ಬೇಸಿಗೆಯಲ್ಲಿ ಸೈಕಲ್ಲೇ ಗತಿ. ಆ ಸೈಕಲ್‌ನಲ್ಲೂ ಅವರು ರಾಷ್ಟ್ರೀಯ ಚಾಂಪಿಯನ್ ಆದರು. ಮಂಜಿನ ಮೇಲೆ 2019ರಲ್ಲಿ 5,000 ಮೀಟರಿಗೆ 6:41.18ರ ವಿಶ್ವದಾಖಲೆ ಬರೆದರು. ಮರುವರ್ಷವೇ ರಷ್ಯಾದ ನತಾಲ್ಯಾ ವೊರೊನಿನಾ ಸಾಲ್ಟ್ ಲೇಕ್ ಸಿಟಿಯ ತೆಳುಗಾಳಿಯಲ್ಲಿ 6:39.02ಕ್ಕೆ ಓಡಿ ಅದನ್ನು ಅಳಿಸಿದರು.

ದಾಖಲೆಯ ಮಾತು ಬಿಡಿ. ನಾನು ಬರೆದಿಟ್ಟುಕೊಂಡಿರುವುದು ಇದೇ ಓಟದಲ್ಲಿ ಮಾರ್ಟಿನಾ ಒಲಿಂಪಿಕ್ ಪದಕ ಗೆದ್ದ ನಾಲ್ಕು ಸಮಯಗಳನ್ನು. ವ್ಯಾಂಕೂವರ್, 2010: 6:50.91, ಚಿನ್ನ. ಸೋಚಿ, 2014: 6:51.54, ಮತ್ತೆ ಚಿನ್ನ. ಪ್ಯೊಂಗ್‌ಚಾಂಗ್, 2018: 6:51.85, ಬೆಳ್ಳಿ. ಬೀಜಿಂಗ್, 2022: 6:50.09, ಕಂಚು. ಅಂದು ಚಿನ್ನ ಒಯ್ದ ನೆದರ್‌ಲೆಂಡ್ಸ್‌ನ ಐರೀನ್ ಸ್ಕೌಟನ್ 6:43.51ರಲ್ಲಿ ಮುಗಿಸಿದ್ದರು. ಹನ್ನೆರಡು ವರ್ಷಗಳಲ್ಲಿ ಮಾರ್ಟಿನಾ ಗಡಿಯಾರ ಎರಡು ಸೆಕೆಂಡಿನಷ್ಟೂ ಅತ್ತಿತ್ತ ಸರಿಯಲಿಲ್ಲ. ನಾಲ್ಕರಲ್ಲಿ ಎಲ್ಲಕ್ಕಿಂತ ವೇಗದ ಓಟ ಆ ಕಂಚಿನದು, ಮೂವತ್ನಾಲ್ಕನೇ ವಯಸ್ಸಿನದು.