‘ಯಾರೂ’ ಅಂದರೆ ‘ನೋಬಡಿ’ ಅಲ್ಲ

ಪ್ರಶ್ನೆ: ಐದನೇ ಕ್ಲಾಸಿನ ಮಗಳು ‘ನೋಬಡಿ ಡಿಡ್ ನಾಟ್ ಕಮ್’ ಎಂದೇ ಬರೆಯುತ್ತಾಳೆ. ಎಷ್ಟು ತಿದ್ದಿದರೂ ಅದೇ. ಯಾಕೆ?
– ಓದುಗರು, ದೊಡ್ಡಬಾತಿ

ಉತ್ತರ: ಮಗು ಕನ್ನಡದ ದಾರಿಯಲ್ಲೇ ಯೋಚಿಸುತ್ತಿದೆ, ಬೈಯಬೇಡಿ. ‘ಬಾತಿ ಕೆರೆ ಏರಿ ಮೇಲೆ ಯಾರೂ ಇರಲಿಲ್ಲ’ ಎನ್ನುವಾಗ ನಿಷೇಧ ಇರುವುದು ‘ಇರಲಿಲ್ಲ’ದಲ್ಲಿ, ‘ಯಾರೂ’ ಅದಕ್ಕೆ ಜೊತೆಗಾರ ಅಷ್ಟೆ. ಇಂಗ್ಲಿಷಿನ ‘ನೋಬಡಿ’ಯೊಳಗೆ ‘ಇಲ್ಲ’ ಮೊದಲೇ ಕೂತಿದೆ. ‘ಯಾರೂ ಅಂದರೆ ನೋಬಡಿ’ ಎಂದು ಬಾಯಿಪಾಠ ಮಾಡಿಸುವುದೇ ಈ ತಪ್ಪಿನ ಮೂಲ ಎಂದು ನನ್ನ ಬಲವಾದ ಅನಿಸಿಕೆ.

ಬಿಡಿ ಪದ ಬೇಡ, ಇಡೀ ವಾಕ್ಯ ಹೇಳಿಕೊಡಿ. ಯಾರೂ ಬರಲಿಲ್ಲ: ‘ನೋಬಡಿ ಕೇಮ್’. ನಾನು ಯಾರನ್ನೂ ನೋಡಲಿಲ್ಲ: ‘ಐ ಡಿಡ್ ನಾಟ್ ಸೀ ಎನಿಬಡಿ’. ಕ್ರಿಯಾಪದಕ್ಕೆ ‘ನಾಟ್’ ಸೇರಿದ ಮೇಲೆ ‘ಎನಿ’ ಸಾಕು. ಆದರೆ ವಾಕ್ಯ ‘ಎನಿಬಡಿ ಡಿಡ್ ನಾಟ್’ ಎಂದು ಶುರುವಾಗದು. ಅಲ್ಲಿ ‘ನೋಬಡಿ’ಯೇ ಬೇಕು.

ಎರಡು ‘ಇಲ್ಲ’ ಸೇರಿದರೆ ‘ಹೌದು’ ಆಗುವುದು ಅವಳಿಗೆ ಹೊಸದೇನಲ್ಲ. ‘ಅವನು ಬರದೇ ಇರಲಿಲ್ಲ’ ಅಂದರೆ ಬಂದನೋ ಇಲ್ಲವೋ, ಕೇಳಿ ನೋಡಿ.

ಅಂದ ಹಾಗೆ, 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧ ಬಳಸಿದ್ದಾನೆ. ಅದು ತಪ್ಪೆಂಬ ನಿಯಮ ಗಟ್ಟಿಯಾದದ್ದು 18ನೇ ಶತಮಾನದ ವ್ಯಾಕರಣ ಪುಸ್ತಕಗಳಿಂದ. ಇಂದಿಗೂ ಹಲವು ಆಡುಮಾತಿನ ಇಂಗ್ಲಿಷುಗಳಲ್ಲಿ ಈ ಜೋಡಿ ನಿಷೇಧ ಉಳಿದಿದೆ. ಪರೀಕ್ಷೆಯ ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.