ಕೂಸಿನ ಬಾಯಿಗೆ ಸಲ್ಲುವ ಉಡುಗೊರೆ

ರಾಯಚೂರು ಸೀಮೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂಧುಬಳಗದವರು ಬರಿಗೈಯಲ್ಲಿ ಬರುವುದಿಲ್ಲ. ಸೋದರಮಾವ ಬೆಳ್ಳಿಯ ಕಡಗ ತಂದರೆ ಅಜ್ಜಿ ಖಣದ ಕುಲಾಯಿ, ಕುಂಚಿಗಿ ಹೊಲಿಸಿರುತ್ತಾಳೆ. ಉಳಿದವರು ನಗರದ ತೀನ್ ಕಂದೀಲ್ ಸುತ್ತಲಿನ ಅಂಗಡಿಗಳಲ್ಲೋ, ಮಾನ್ವಿ, ದೇವದುರ್ಗದ ಬಜಾರಿನಲ್ಲೋ ಸಿಗುವ ‘ಬೇಬಿ ಸೆಟ್’ ಹಿಡಿದು ಬರುತ್ತಾರೆ: ಪೌಡರು, ಸೋಪು, ಎಣ್ಣೆ, ಹಾಲಿನ ಬಾಟಲಿ, ಒಂದು ಗಿಲಕಿ. ವರ್ಷ ತುಂಬುವಷ್ಟರಲ್ಲಿ ದೀಪ ಮಿನುಗಿಸಿ ಹಾಡುವ ಕಾರು, ಗಾಲಿಯ ವಾಕರ್ ಕೂಡ ಮನೆ ಸೇರುತ್ತವೆ. ಇವನ್ನೆಲ್ಲ ಆರಿಸುವುದು ದೊಡ್ಡವರ ಕಣ್ಣು. ಕೂಸು ಅವನ್ನು ಪರೀಕ್ಷಿಸುವುದು ಬಾಯಿಂದ.

ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಎದೆಹಾಲು ಕುಡಿಯುವಾಗ ತಾಯಿಯ ಮುಖ ಇರುವುದೂ ಅಷ್ಟೇ ದೂರದಲ್ಲಿ. ಮೂರು ನಾಲ್ಕು ತಿಂಗಳಿಗೆ ಕೈಗಳು ಹಿಡಿತಕ್ಕೆ ಬರುತ್ತವೆ. ಅಲ್ಲಿಂದ ಮುಂದೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ತುಟಿ, ನಾಲಿಗೆಗಳಲ್ಲಿ ಸ್ಪರ್ಶದ ನರತುದಿಗಳು ಒತ್ತೊತ್ತಾಗಿವೆ. ವಸ್ತು ಗಟ್ಟಿಯೋ ಮೆತ್ತಗೋ, ನುಣುಪೋ ಒರಟೋ ಎಂಬುದನ್ನು ಕೂಸು ಅಲ್ಲಿಂದಲೇ ಕಲಿಯುತ್ತದೆ. ‘ಬಾಯಿಗೆ ಹಾಕ್ಕೊಬ್ಯಾಡ’ ಎಂದು ಗದರುವುದರಿಂದ ಅದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಹಾಗಾಗಿ ಎರಡು ವರ್ಷದೊಳಗಿನ ಮಗುವಿಗೆ ಏನನ್ನೇ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದು ಒಂದು ಗಂಟೆ ಕೂಸಿನ ಬಾಯಲ್ಲಿದ್ದರೆ ಏನಾಗುತ್ತದೆ?

ಮೊದಲನೆಯದು ಗಾತ್ರ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪ್ರಯೋಗಾಲಯದಲ್ಲಿ ಒಂದು ಪುಟ್ಟ ಕೊಳವೆಗೆ ಹಾಕಿ ನೋಡುತ್ತಾರೆ. ಅದರ ಅಡ್ಡಳತೆ 3.17 ಸೆಂಟಿಮೀಟರ್. ಆಟಿಕೆಯಾಗಲಿ, ಅದರಿಂದ ಕಿತ್ತುಬರುವ ಚೂರಾಗಲಿ ಪೂರ್ತಿ ಅದರೊಳಗೆ ಕೂತರೆ ಅದು ಉಸಿರುಗಟ್ಟಿಸುವ ವಸ್ತು. ಈ ಅಳತೆಯಲ್ಲಿ ನೋಡಿದರೆ ಗೊಂಬೆಯ ಕಣ್ಣು, ಕಾರಿನ ಗಾಲಿ, ಕೈಗೆ ಕಟ್ಟುವ ಬಜೆ ಮಣಿ, ದಾರ ಸವೆದರೆ ಉದುರುವ ಗೆಜ್ಜೆ ಎಲ್ಲವೂ ಅಪಾಯದ ಪಟ್ಟಿಗೆ ಬರುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ನೆಲದ ಮೇಲೆ ಸದಾ ಸಿಗುವ ಶೇಂಗಾ ಬೀಜ, ಹುಣಸೆ ಬೀಜಗಳೂ ಅಷ್ಟೇ. ವರ್ಷದೊಳಗಿನ ಕೂಸಿಗೆ ಏನಾದರೂ ಸಿಕ್ಕಿಕೊಂಡು ಅಳಲೂ ಕೆಮ್ಮಲೂ ಆಗದಿದ್ದರೆ, ತೋಳಿನ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಭುಜದ ಎಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಏಟು ಕೊಡಬೇಕು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಭಾಗವನ್ನು ಎರಡು ಬೆರಳಿಂದ ಐದು ಸಲ ಒತ್ತಬೇಕು. ಹೊರಬರುವವರೆಗೆ ಇದನ್ನೇ ಸರದಿಯಲ್ಲಿ ಮುಂದುವರಿಸಬೇಕು. ಕಾಣದ ವಸ್ತುವಿಗಾಗಿ ಗಂಟಲಲ್ಲಿ ಬೆರಳಾಡಿಸಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ.

ಗಾತ್ರದ ಜತೆಗೆ ವಿದ್ಯುತ್ತೂ ಸೇರಿದರೆ ಅಪಾಯ ಬೇರೆಯೇ ಮಟ್ಟದ್ದು. ದೇವಸುಗೂರಿನ ಸೂಗೂರೇಶ್ವರ ಜಾತ್ರೆಯಿರಲಿ, ಊರ ಉರುಸಿರಲಿ, ಮಿನುಗುವ ಅಗ್ಗದ ಆಟಿಕೆಗಳಲ್ಲಿ ಗುಂಡಿಯಾಕಾರದ ಪುಟ್ಟ ಸೆಲ್ ಇರುತ್ತದೆ. ಅದನ್ನು ಮುಚ್ಚಿದ ತಗಡಿಗೆ ಎಷ್ಟೋ ಸಲ ಸ್ಕ್ರೂ ಕೂಡ ಇರುವುದಿಲ್ಲ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು, ಋಣ ತುದಿಯ ಬಳಿ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಸೆಲ್ ಸೋರಬೇಕೆಂದೇನೂ ಇಲ್ಲ. ಎರಡು ಗಂಟೆಯೊಳಗೆ ಅನ್ನನಾಳ ತೀವ್ರವಾಗಿ ಸುಡಬಹುದು. ದೇವದುರ್ಗ, ಮಾನ್ವಿಗಳಿಂದ ರಾಯಚೂರಿನ ದೊಡ್ಡಾಸ್ಪತ್ರೆಗೆ 50 ಕಿ.ಮೀ. ಆಸುಪಾಸಿನ ದಾರಿ, ಹಳ್ಳಿಯಿಂದ ಹೊರಟವರಿಗೆ ಇನ್ನೂ ದೂರ. ಹಾಗಾಗಿ ನುಂಗಿದ ಅನುಮಾನ ಬಂದ ಕ್ಷಣವೇ ಹೊರಡಬೇಕು, ‘ಸೆಲ್ ನುಂಗಿರಬಹುದು’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಎಕ್ಸ್‌ರೇಯಲ್ಲಿ ಅದು ನಾಣ್ಯದಂತೆ ಕಂಡುಬಿಡಬಹುದು. ನನ್ನನ್ನು ಕೇಳಿದರೆ, ಚಿಕ್ಕ ಮಕ್ಕಳಿರುವ ಮನೆಗೆ ಇಂಥ ಆಟಿಕೆ ಬರಲೇಬಾರದು.

ಬಣ್ಣದ ವಿಷಯ ನಿಧಾನದ್ದು. ಸೀಸ ಬೆರೆತ ಬಣ್ಣ ಹೊಳೆಯುತ್ತದೆ, ಬೇಗ ಒಣಗುತ್ತದೆ, ಬಾಳಿಕೆ ಬರುತ್ತದೆ. ದೇಹ ಮಾತ್ರ ಸೀಸವನ್ನು ಕ್ಯಾಲ್ಸಿಯಂ, ಕಬ್ಬಿಣ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ನುಂಗಿದ ಸೀಸವನ್ನು ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ, ರಕ್ತಹೀನತೆ ಇದ್ದರೆ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಂದಿಗೂ ಹೆಚ್ಚು ರಕ್ತಹೀನರು. ಮಿದುಳಿಗೆ ಸುರಕ್ಷಿತ ಎನ್ನಬಹುದಾದ ಸೀಸದ ಪ್ರಮಾಣ ಎಂಬುದೇ ಇಲ್ಲ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೊಳ್ಳುವಾಗ ಆ ಗುರುತನ್ನು ಹುಡುಕಿ. ಕೂಸಿನ ಕಣ್ಣಿಗೆ ಹಚ್ಚುವ ಸುರ್ಮಾದಲ್ಲೂ ಸೀಸದ ಸಲ್ಫೈಡ್ ಇರುವುದುಂಟು. ಉಡುಗೊರೆಯ ಪೆಟ್ಟಿಗೆಯಿಂದ ಅದನ್ನು ತೆಗೆದಿಡುವುದೇ ಲೇಸು.

ನೋಂದಾಯಿತ ಕುಶಲಕರ್ಮಿಗಳ ಕೈಕಸುಬಿನ ಆಟಿಕೆಗಳಿಗೆ ಈ ಗುರುತಿನ ಕಡ್ಡಾಯದಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಗಿಲಕಿಯ ಮೇಲೆ ಐಎಸ್‌ಐ ಇಲ್ಲವೆಂದು ಬಿಡಬೇಕಿಲ್ಲ. ಅಲ್ಲಿ ಚರಕಿಯ ಮೇಲೆ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ತರಕಾರಿ ಬಣ್ಣ ಬೆರೆಸಿದ ಅರಗೇ ಹೌದೇ ಎಂದು ಕೇಳಿ ಕೊಂಡರೆ ಕೂಸಿನ ಬಾಯಿಗೆ ಅದಕ್ಕಿಂತ ಒಳ್ಳೆಯ ಮರದ ಆಟಿಕೆ ಸಿಗುವುದು ಕಷ್ಟ. ನಮಗೆ ಇನ್ನೂ ಹತ್ತಿರದ ಕಿನ್ನಾಳ, 1997ರವರೆಗೆ ರಾಯಚೂರು ಜಿಲ್ಲೆಯದೇ ಊರು, ಈಗ ಕೊಪ್ಪಳದ್ದು. ಅಲ್ಲಿನ ಹಗುರ ಮರದ ಗೊಂಬೆಗಳ ಮೇಲೆ ಹುಣಸೆ ಬೀಜದ ಅಂಟು ಸೇರಿದ ಲೇಪ, ಅದರ ಮೇಲೆ ಕುಂಚದ ಬಣ್ಣ. ಅವು ನೋಡುವ, ಪೂಜಿಸುವ ಗೊಂಬೆಗಳು. ಜಗಿಯುವ ವಯಸ್ಸು ದಾಟಿದ ಮಗುವಿಗೆ ಕೊಟ್ಟರೆ ಕಲೆಗೂ ಮಗುವಿಗೂ ಒಳ್ಳೆಯದು.

ಇನ್ನು ಹಾಲಿನ ಬಾಟಲಿ. ಬೇಬಿ ಸೆಟ್ಟಿನಲ್ಲಿ ನನಗೆ ಅತಿ ಹೆಚ್ಚು ಕಳವಳ ಹುಟ್ಟಿಸುವ ವಸ್ತು ಇದೇ. ನೆಂಟರು ಬಾಟಲಿ ಕೊಡುವುದು ಅಪರಾಧವಲ್ಲ. ಆದರೆ 1992ರ ಕಾಯಿದೆಯೊಂದು ಬಾಟಲಿ ಮತ್ತು ಡಬ್ಬಿ ಹಾಲಿನ ಜಾಹೀರಾತನ್ನು, ಮಾರಾಟಕ್ಕಾಗಿ ಉಡುಗೊರೆ ಹಂಚುವುದನ್ನು ನಿಷೇಧಿಸಿದೆ ಎಂದರೆ ಅದಕ್ಕೆ ಬಲವಾದ ಕಾರಣವಿದೆ. ನಿಪ್ಪಲಿನ ಸಂದಿಗಳಲ್ಲಿ ಹಾಲಿನ ಪಸೆ ಉಳಿಯುತ್ತದೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದರಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ತೊಳೆಯುವ, ಪುಡಿ ಕಲಸುವ ನೀರು ಎಂಥದ್ದು? 2022ರ ಮೇ ಕೊನೆಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ರಾಯಚೂರು ನಗರದಲ್ಲಿ ಹಲವರು ಆಸ್ಪತ್ರೆ ಸೇರಿದ್ದನ್ನು, ಜೀವಗಳು ಹೋದದ್ದನ್ನು ಊರು ಮರೆತಿಲ್ಲ. ಆ ನೀರಿನ ರೋಗಾಣುಗಳನ್ನಾದರೂ ಕುದಿಸಿ ಕೊಲ್ಲಬಹುದು. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿರುವ ಫ್ಲೋರೈಡ್, ನೈಟ್ರೇಟ್, ಹಟ್ಟಿಯ ಚಿನ್ನದ ಶಿಲಾಪಟ್ಟಿಯ ಕೆಲವು ಕಡೆ ಕಾಣುವ ಆರ್ಸೆನಿಕ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ದಟ್ಟವಾಗುತ್ತವೆ. ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕವನ್ನು ಅಂಗಾಂಶಗಳಿಗೆ ಬಿಟ್ಟುಕೊಡಲಾರದೆ ಮೈ ನೀಲಿಗಟ್ಟುವ ಅಪಾಯವಿದೆ.

ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ. ಮೇ ತಿಂಗಳ ರಾಯಚೂರಿನಲ್ಲೂ ಆರು ತಿಂಗಳವರೆಗೆ ಕೂಸಿಗೆ ಬೇರೆ ನೀರು ಬೇಡ; ಮತ್ತೆ ಮತ್ತೆ ಎದೆಗೆ ಹಾಕಿಕೊಂಡರೆ ಸಾಕು, ತಾಯಿಗೆ ಮಾತ್ರ ಧಾರಾಳವಾಗಿ ನೀರು, ಊಟ ಸಿಗಬೇಕು. ಹಾಲನ್ನು ಹೊರಗಿನಿಂದ ಕುಡಿಸಲೇಬೇಕಾದಾಗ ನಮ್ಮ ಹಿರಿಯರ ಒಳಲೆ (ಮೂತಿಯಿರುವ ಪುಟ್ಟ ಬಟ್ಟಲು) ಇದೆ. ಸಂದಿಗೊಂದಿಯಿಲ್ಲದ್ದರಿಂದ ತೊಳೆಯುವುದು ಸುಲಭ, ನೀರಿನಲ್ಲಿ ಕುದಿಸಬಹುದು. ಕಡಿಮೆ ತೂಕದ ಶಿಶುಗಳಿಗೆ ಆಸ್ಪತ್ರೆಗಳಲ್ಲಿ ಇಂದಿಗೂ ಅದನ್ನೇ ಬಳಸುತ್ತಾರೆ. ಬೆಳ್ಳಿಯದಾಗಲಿ ಸ್ಟೀಲಿನದಾಗಲಿ, ಒಂದು ಒಳಲೆ ಕೊಡಿ.

ಹತ್ತಿ, ಮೆಣಸಿನಕಾಯಿ, ಭತ್ತದ ಹೊಲಗಳಿರುವ ಊರುಗಳಲ್ಲಿ ಯಾರೂ ಕೊಳ್ಳದೆ ಮಗುವಿನ ಕೈ ಸೇರುವ ಆಟಿಕೆಯೊಂದಿದೆ: ಖಾಲಿಯಾದ ಎಣ್ಣಿ (ಕೀಟನಾಶಕ) ಡಬ್ಬಿ, ಅದರ ಬಣ್ಣದ ಮುಚ್ಚಳ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿಗೆ ಹಿಡಿದ ಕೀಟನಾಶಕದ ಅಂಶ ಉಳಿದಿರಬಹುದು. ನರಗಳ ಸಂದೇಶವನ್ನು ಕೆಡಿಸುವ ಆರ್ಗನೋಫಾಸ್ಫೇಟ್ ವಿಷಗಳನ್ನು ಒಡೆದುಹಾಕುವ ಕಿಣ್ವ ಎಳೆಯ ಮಕ್ಕಳ ರಕ್ತದಲ್ಲಿ ಕಡಿಮೆ. ಡಬ್ಬಿಗೆ ತೂತು ಹೊಡೆದು ಬಳಕೆಗೆ ಬಾರದಂತೆ ಮಾಡಿ, ಮನೆಗೆ ತರದೇ ಇರಬೇಕು.

ವಾಕರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ನಡಿಗೆ ಕಲಿಸುವುದಿಲ್ಲ. ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ಓಡಿ ಕೂಸನ್ನು ಒಲೆಯ ಬಳಿಗೋ, ಕಟ್ಟೆಯ ಅಂಚಿಗೋ ಒಯ್ಯುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ಕೂಸು ತಾನೇ ನಿಂತು ಹಿಡಿದು ತಳ್ಳುವ ಮೂರು ಗಾಲಿಯ ಕಟ್ಟಿಗೆ ಗಾಡಿ, ದೊಡ್ಡವರು ಪಕ್ಕದಲ್ಲಿದ್ದರೆ, ಅದಕ್ಕಿಂತ ಎಷ್ಟೋ ಮೇಲು.

ಹಾಗಾದರೆ ಬುದ್ಧಿ ಬೆಳೆಸುವ ಆಟಿಕೆ ಯಾವುದು? 2015ರ ಕೊನೆಯಲ್ಲಿ ಪ್ರಕಟವಾದ ಅಮೆರಿಕದ ಪುಟ್ಟ ಅಧ್ಯಯನವೊಂದರಲ್ಲಿ ಆ್ಯನಾ ಸೋಸಾ ಅವರು 10ರಿಂದ 16 ತಿಂಗಳ 26 ಮಕ್ಕಳು ಪೋಷಕರೊಂದಿಗೆ ಆಡುವಾಗಿನ ಮಾತನ್ನು ದಾಖಲಿಸಿದರು. ತಾವೇ ಹಾಡಿ ಮಾತಾಡುವ ಆಟಿಕೆ ಇದ್ದಾಗ ದೊಡ್ಡವರ ಮಾತು ತೀರ ಕಡಿಮೆಯಾಯಿತು. ಪುಸ್ತಕ ಹಿಡಿದಾಗ ಅತಿ ಹೆಚ್ಚು. ಅದಕ್ಕೂ ದೊಡ್ಡ ಸಾಕ್ಷಿ ಜಮೈಕಾದ್ದು. 1986–87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಮಕ್ಕಳನ್ನು ಆರಿಸಿದರು. ಕೆಲವು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಬಳಸಿ ಬಿಟ್ಟ ವಸ್ತುಗಳಿಂದ ಮಾಡಿದ ಆಟಿಕೆಗಳನ್ನು ಕೊಟ್ಟು, ತಾಯಿ-ಮಗು ಜತೆಗೂಡಿ ಆಡುವುದನ್ನು ಒಂದು ಗಂಟೆ ತೋರಿಸಿ ಬರುತ್ತಿದ್ದರು. ಎರಡು ವರ್ಷ ಇಷ್ಟೇ. ಇಪ್ಪತ್ತು ವರ್ಷಗಳ ಮೇಲೆ ನೋಡಿದಾಗ ಹಾಗೆ ಆಡಿದ ಮಕ್ಕಳ ಸಂಪಾದನೆ, ಆಟ ಸಿಗದ ಅಂಥವೇ ಮಕ್ಕಳಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು.

ಈ ಪಾಠ ನಮ್ಮ ಜಿಲ್ಲೆಗೂ ಸಲ್ಲುತ್ತದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ಗಳಿವೆ, ಅಂಗನವಾಡಿಗಳಿವೆ. ಅಲ್ಲಿಗೆ ಬೇಕಾದ ಆಟಿಕೆಗಳು ಇಂಥವು: ಹಳೆ ಸೀರೆಯಿಂದ ಗಟ್ಟಿಯಾಗಿ ಹೊಲಿದ ಚೆಂಡು, ಕೌದಿಯಂತೆ ಪದರ ಸೇರಿಸಿ ಎತ್ತು, ಕೋಳಿ, ಬಂಡಿಗಳ ಚಿತ್ರ ಹೊಲಿದ ಬಟ್ಟೆ ಪುಸ್ತಕ, ಒಂದರೊಳಗೊಂದು ಕೂರುವ ಸ್ಟೀಲ್ ಬಟ್ಟಲುಗಳು. ಇವನ್ನು ಹೊಲಿಯುವ, ಹೊಂದಿಸಿ ಕೊಡುವ ಕೈಗಳು ನಮ್ಮ ಸ್ವಸಹಾಯ ಸಂಘಗಳಲ್ಲೇ ಇವೆ. ಪಂಚಾಯಿತಿಗಳು ಅವರಿಂದಲೇ ಕೊಳ್ಳಲಿ. ತೊಟ್ಟಿಲ ಕಾರ್ಯಕ್ಕೆ ಹೊರಟವರೂ ಬೇಬಿ ಸೆಟ್ಟಿನ ಬದಲು ಒಂದು ಸೊಳ್ಳೆ ಪರದೆ, ಒಳಲೆ, ಬೇಸಿಗೆಗೆ ತೆಳು ಹತ್ತಿಯ ನಾಲ್ಕು ಅಂಗಿ, ಜತೆಗೆ ಇಂಥದೊಂದು ಬಟ್ಟೆ ಪುಸ್ತಕ ಒಯ್ಯಬಹುದು. ಕೊಟ್ಟ ಮೇಲೆ ಕೂಸಿನ ಪಕ್ಕ ಕೂತು ಮೊದಲ ಪುಟವನ್ನು ತಾವೇ ತೆರೆದು ತೋರಿಸಲಿ.