ಹಳೇ ರೇಡಿಯೊಗೆ ಹೊಸ ಕೆಪಾಸಿಟರ್

ಪ್ರಶ್ನೆ: ಅಜ್ಜನ ಕಾಲದ ವಾಲ್ವ್ ರೇಡಿಯೊ ರಿಪೇರಿಗೆ ಕೊಟ್ಟರೆ ಮೊದಲು ಕೆಪಾಸಿಟರ್‌ಗಳನ್ನೇ ಬದಲಿಸುತ್ತಾರಲ್ಲ, ಏಕೆ? ಬಿಡಿಭಾಗಗಳು ಈಗಲೂ ಸಿಗುತ್ತವೆಯೇ?

ಉತ್ತರ: ಆ ಕಾಲದ ಬಹಳಷ್ಟು ಕೆಪಾಸಿಟರ್‌ಗಳು ಲೋಹದ ಹಾಳೆಗಳ ನಡುವೆ ಕಾಗದವಿಟ್ಟು, ಸುರುಳಿ ಸುತ್ತಿ, ಮೇಣ ಹಚ್ಚಿದಂಥವು. ಮುಚ್ಚಳ ಸಡಿಲವಾದ ಡಬ್ಬಿಯ ಹಪ್ಪಳದಂತೆ ಆ ಕಾಗದ ತೇವ ಹೀರುತ್ತದೆ. ಆಗ ಅದು ತಡೆಯಬೇಕಾದ ಡಿಸಿ ಕರೆಂಟು ಸೋರಿ ಔಟ್‌ಪುಟ್ ವಾಲ್ವ್‌ನ ಗ್ರಿಡ್ ತಲಪುತ್ತದೆ. ವಾಲ್ವ್ ಅತಿಯಾಗಿ ಕಾದು ಹಾಳಾಗುತ್ತದೆ. ಇದಕ್ಕೆ ಹಳೇ ಸರಕು ಹುಡುಕಬೇಡಿ, ಬಳಸದೆ ಇಟ್ಟದ್ದೂ ಕೆಟ್ಟಿರುತ್ತದೆ. ಅಷ್ಟೇ ಮೈಕ್ರೊಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚು ವೋಲ್ಟೇಜ್ ತಾಳುವ ಫಿಲ್ಮ್ ಕೆಪಾಸಿಟರ್ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಇಎಲ್84ರಂಥ ವಾಲ್ವ್, ಗಿಟಾರ್ ಆಂಪ್ಲಿಫೈಯರ್‌ಗಳ ಪುಣ್ಯದಿಂದ, ಇಂದಿಗೂ ತಯಾರಾಗುತ್ತಿದೆ. ನಿಜವಾದ ತಲೆನೋವು ಡಯಲ್ ಗಾಜು, ನಾಬ್‌ಗಳದು: ಅದೇ ಮಾದರಿಯ ಇನ್ನೊಂದು ಕೆಟ್ಟ ರೇಡಿಯೊ ಕೊಳ್ಳುವುದೇ ಸುಲಭ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರಬಹುದು. ಬಿಚ್ಚುವ ಕೆಲಸ ತಿಳಿದವರಿಗೇ ಬಿಡಿ.